ಬ್ಲಾಗ್ ಆರಂಭಿಸುವುದು ಮತ್ತು ಅದರಿಂದ ಆದಾಯ ಗಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬರೆಯಲು ಹೊರಟವರು ಪತ್ರಗಳಲ್ಲಿ, ಮಾತುಕತೆಗಳಲ್ಲಿ, ಲೇಖನಗಳ ಕೆಳಗಿನ ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಪ್ರತಿಯೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಆರಂಭಿಸುವ ಮುನ್ನ

ಬ್ಲಾಗ್ ಎಂದರೆ ನಿಜವಾಗಿ ಏನು? ಅದಕ್ಕೂ ವೆಬ್‌ಸೈಟಿಗೂ ವ್ಯತ್ಯಾಸವೇನು?

ಬ್ಲಾಗ್ ಕೂಡ ಒಂದು ವೆಬ್‌ಸೈಟೇ. ದಿನಾಂಕದ ಕ್ರಮದಲ್ಲಿ ಹೊಸ ಬರಹ ಮೇಲಕ್ಕೆ ಬರುವಂತೆ ಜೋಡಿಸಿರುವುದು ಮತ್ತು ಅದು ನಿರಂತರವಾಗಿ ಬೆಳೆಯುತ್ತಿರುವುದು ಅದರ ವಿಶೇಷ. 1997ರಲ್ಲಿ ಜಾರ್ನ್ ಬಾರ್ಗರ್ ಎಂಬವರು ತಾವು ಓದಿದ್ದನ್ನು ದಾಖಲಿಸುವ ಪುಟಕ್ಕೆ ‘ವೆಬ್‌ಲಾಗ್’ ಎಂಬ ಹೆಸರು ಕೊಟ್ಟರು. 1999ರಲ್ಲಿ ಪೀಟರ್ ಮರ್ಹೋಲ್ಜ್ ಆ ಪದವನ್ನು ಒಡೆದು ‘ವಿ ಬ್ಲಾಗ್’ ಎಂದು ಬರೆದದ್ದರಿಂದ ‘ಬ್ಲಾಗ್’ ಎಂಬ ಗಿಡ್ಡ ರೂಪ ಚಾಲ್ತಿಗೆ ಬಂತು. ಅದೇ ವರ್ಷ ಬ್ಲಾಗರ್ ಸೇವೆ ಆರಂಭವಾದ ಮೇಲೆ ತಂತ್ರಜ್ಞಾನ ಗೊತ್ತಿಲ್ಲದವರೂ ಬರೆದು ಪ್ರಕಟಿಸುವುದು ಸಾಧ್ಯವಾಯಿತು.

ಈಗ ಎಲ್ಲರೂ ವಿಡಿಯೊ ನೋಡುತ್ತಾರೆ. ಇನ್ನೂ ಬ್ಲಾಗ್ ಬರೆಯುವುದರಲ್ಲಿ ಅರ್ಥವಿದೆಯೇ?

ಇದೆ, ಆದರೆ ಎಲ್ಲ ವಿಷಯಗಳಿಗೂ ಅಲ್ಲ. ನೃತ್ಯದ ಹೆಜ್ಜೆಯನ್ನೋ ಯಂತ್ರವನ್ನು ಬಿಚ್ಚಿ ಜೋಡಿಸುವುದನ್ನೋ ವಿಡಿಯೊದಲ್ಲಿ ತೋರಿಸುವುದೇ ಸರಿ. ಅರ್ಜಿ ತುಂಬುವ ಕ್ರಮ, ಎರಡು ಸಾಧನಗಳ ಹೋಲಿಕೆ, ಒಂದು ಲೆಕ್ಕ, ಒಂದು ವಾದ, ಮತ್ತೆ ಮತ್ತೆ ತಿರುಗಿ ನೋಡಬೇಕಾದ ಪಟ್ಟಿ, ಇಂಥವನ್ನು ಬರಹದಲ್ಲಿ ಹುಡುಕುವುದು ಸುಲಭ. ಓದುಗರು ತಮಗೆ ಬೇಕಾದ ಸಾಲಿಗೆ ನೇರವಾಗಿ ಹೋಗಿ ನಿಲ್ಲಬಲ್ಲರು. ನಿಮ್ಮ ವಿಷಯ ಈ ಎರಡರಲ್ಲಿ ಯಾವ ಕಡೆಗೆ ಬೀಳುತ್ತದೆ ಎಂಬುದನ್ನು ಮೊದಲೇ ನೋಡಿಕೊಳ್ಳಿ.

ಹಣ ಬರುವ ವಿಷಯ ಆರಿಸಿಕೊಳ್ಳಲೋ, ನನಗೆ ಇಷ್ಟವಾದ ವಿಷಯ ಆರಿಸಿಕೊಳ್ಳಲೋ?

ಅತಿ ಹೆಚ್ಚು ಬಾರಿ ನನ್ನ ಮುಂದೆ ಬಂದ ಪ್ರಶ್ನೆ ಇದು. ಹಣಕಾಸು, ವಿಮೆ, ಸಾಲ, ಸಾಫ್ಟ್‌ವೇರ್ ಮುಂತಾದ ವಿಷಯಗಳಲ್ಲಿ ಜಾಹೀರಾತಿನ ದರ ಹೆಚ್ಚಿರುವುದು ನಿಜ, ಏಕೆಂದರೆ ಅಲ್ಲಿ ಒಬ್ಬ ಗ್ರಾಹಕ ಸಿಕ್ಕಿದರೂ ಜಾಹೀರಾತುದಾರನಿಗೆ ದೊಡ್ಡ ಲಾಭವಿದೆ. ಅದೇ ಕಾರಣಕ್ಕೆ ಆ ವಿಷಯಗಳಲ್ಲಿ ದೊಡ್ಡ ಸಂಪಾದಕ ಬಳಗವಿರುವ ತಾಣಗಳು ಈಗಾಗಲೇ ಗಟ್ಟಿಯಾಗಿ ನೆಲೆಯೂರಿವೆ. ಜೊತೆಗೆ, ಓದುಗರ ಆರೋಗ್ಯ, ಹಣ ಮತ್ತು ಸುರಕ್ಷತೆಗೆ ಸಂಬಂಧಿಸಿದ ಪುಟಗಳ ವಿಶ್ವಾಸಾರ್ಹತೆಗೆ ಗೂಗಲ್ ಹೆಚ್ಚಿನ ಒತ್ತು ಕೊಡುತ್ತದೆ. ಆ ಕ್ಷೇತ್ರದ ಅನುಭವವಿಲ್ಲದವರು ಅಲ್ಲಿಂದಿಲ್ಲಿಂದ ಓದಿ ಬರೆದ ಲೇಖನಗಳಿಗೆ ಅಲ್ಲಿ ಜಾಗ ಸಿಗುವುದು ಕಷ್ಟ.

ಹಾಗೆಂದು ಇಷ್ಟವೊಂದೇ ಸಾಲದು. ನಾನು ಸೂಚಿಸುವ ಪರೀಕ್ಷೆ ಹೀಗಿದೆ: ಒಂದು ಹಾಳೆಯ ಮೇಲೆ ಆ ವಿಷಯದ ಬಗ್ಗೆ ಜನ ನಿಮ್ಮನ್ನು ನಿಜವಾಗಿ ಕೇಳಿರುವ, ಅಥವಾ ನೀವೇ ಕಲಿಯುವಾಗ ಉತ್ತರಕ್ಕಾಗಿ ಪರದಾಡಿದ ಐವತ್ತು ಪ್ರಶ್ನೆಗಳನ್ನು ಬರೆಯಿರಿ. ಹದಿನೈದಕ್ಕೇ ಕೈ ನಿಂತರೆ ವಿಷಯ ತೀರ ಕಿರಿದು, ಇಲ್ಲವೇ ನಿಮ್ಮ ಪರಿಚಯ ಸಾಲದು. ಐವತ್ತು ದಾಟಿದರೆ ಒಂದು ವರ್ಷದ ಬರವಣಿಗೆ ನಿಮ್ಮ ಕೈಯಲ್ಲಿದೆ. ವಿಷಯವನ್ನು ಆದಷ್ಟು ಸಣ್ಣದಾಗಿ ಹಿಡಿಯಿರಿ. ‘ಛಾಯಾಗ್ರಹಣ’ ಎಂಬುದಕ್ಕಿಂತ ‘ಅಗ್ಗದ ಕ್ಯಾಮೆರಾದಲ್ಲಿ ಹಕ್ಕಿಗಳ ಛಾಯಾಗ್ರಹಣ’ ಎಂಬುದು ಹೊಸಬರಿಗೆ ಒಳ್ಳೆಯ ಆರಂಭ. ಹೆಸರು ನಿಂತ ಮೇಲೆ ವಿಸ್ತರಿಸಲು ಯಾರ ಅಡ್ಡಿಯೂ ಇರುವುದಿಲ್ಲ.

ಬ್ಲಾಗರ್ ಸಾಕೇ, ವರ್ಡ್‌ಪ್ರೆಸ್ ಬೇಕೇ? ಉಚಿತವಾಗಿ ಆರಂಭಿಸಬಹುದೇ?

ಕಲಿಯಲು ಉಚಿತ ಸೇವೆ ಸಾಕು. ಬ್ಲಾಗರ್ 2003ರಿಂದ ಗೂಗಲ್‌ನ ಒಡೆತನದಲ್ಲಿದೆ. ಸ್ಥಳಾವಕಾಶಕ್ಕೆ ಹಣ ಕೇಳುವುದಿಲ್ಲ, ಸ್ವಂತ ಡೊಮೇನ್ (ತಾಣದ ವಿಳಾಸದ ಹೆಸರು) ಜೋಡಿಸಲು ಬಿಡುತ್ತದೆ, ಆದರೆ ವಿನ್ಯಾಸ ಮತ್ತು ಸೌಲಭ್ಯಗಳು ಸೀಮಿತ. ಅದೇ 2003ರಲ್ಲಿ ಹೊರಬಂದ ವರ್ಡ್‌ಪ್ರೆಸ್ ಒಂದು ಮುಕ್ತ ತಂತ್ರಾಂಶ. ಈ ಹೆಸರಿನಲ್ಲಿ ಎರಡು ಬೇರೆ ವಸ್ತುಗಳಿರುವುದರಿಂದ ಹೊಸಬರು ಗೊಂದಲಕ್ಕೆ ಬೀಳುತ್ತಾರೆ. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಜಾಗವನ್ನೂ ಕೊಡುವ ವಾಣಿಜ್ಯ ಸೇವೆ. ಅದರ ಉಚಿತ ಯೋಜನೆಯಲ್ಲಿ ನಿಮ್ಮ ಸ್ವಾತಂತ್ರ್ಯ ಕಡಿಮೆ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು ತಂತ್ರಾಂಶ ಮಾತ್ರ. ಅದನ್ನು ಬಾಡಿಗೆಗೆ ಪಡೆದ ಹೋಸ್ಟಿಂಗ್‌ನಲ್ಲಿ (ತಾಣವನ್ನು ಇಡುವ ಸರ್ವರ್ ಜಾಗದಲ್ಲಿ) ನೀವೇ ಸ್ಥಾಪಿಸಿ ನೋಡಿಕೊಳ್ಳಬೇಕು. ಆದಾಯದ ಉದ್ದೇಶ ಗಟ್ಟಿಯಾಗಿದ್ದರೆ ಎರಡನೆಯದು ಉತ್ತಮ. ಉದ್ದೇಶ ಇನ್ನೂ ಗಟ್ಟಿಯಾಗಿರದಿದ್ದರೆ, ಮೊದಲ ಹತ್ತು ಲೇಖನಗಳನ್ನು ಉಚಿತ ಜಾಗದಲ್ಲಿ ಬರೆದು ನೋಡಿ.

ಸ್ವಂತ ಡೊಮೇನ್ ಹೆಸರು ಅಷ್ಟೊಂದು ಮುಖ್ಯವೇ?

ಹೋಸ್ಟಿಂಗ್‌ಗಿಂತ ಮೊದಲು ನಾನು ಹಣ ಹಾಕಿರೆಂದು ಹೇಳುವುದು ಇದಕ್ಕೇ. ನನ್ನ ಮೊದಲ ಬ್ಲಾಗನ್ನು ಒಂದು ಉಚಿತ ಸೇವೆಯ ಉಪವಿಳಾಸದಲ್ಲಿ ಬರೆದಿದ್ದೆ. ಆ ಸೇವೆ ನಿಂತುಹೋದಾಗ ಬರಹಗಳ ಪ್ರತಿ ನನ್ನ ಬಳಿ ಉಳಿಯಿತು, ಆದರೆ ಬೇರೆಯವರು ಕೊಟ್ಟಿದ್ದ ಕೊಂಡಿಗಳೆಲ್ಲ ಸತ್ತವು, ಓದುಗರಿಗೆ ನಾನು ಎಲ್ಲಿಗೆ ಹೋದೆನೆಂದು ತಿಳಿಯಲಿಲ್ಲ. ವಿಳಾಸ ನಿಮ್ಮದಾಗಿದ್ದರೆ ಹಿಂದಿರುವ ಸೇವೆಯನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು.

ಡಾಟ್ ಕಾಮ್‌ನಂಥ ಹೆಸರುಗಳನ್ನು ಒಮ್ಮೆಗೆ 1ರಿಂದ 10 ವರ್ಷಗಳವರೆಗೆ ನೋಂದಾಯಿಸಿಕೊಳ್ಳಬಹುದು. ಡೊಮೇನನ್ನು ಶಾಶ್ವತವಾಗಿ ಕೊಳ್ಳಲು ಬರುವುದಿಲ್ಲ, ನವೀಕರಿಸುತ್ತಲೇ ಇರಬೇಕು. ಮೊದಲ ವರ್ಷದ ರಿಯಾಯಿತಿ ದರವನ್ನಲ್ಲ, ನವೀಕರಣದ ದರವನ್ನು ನೋಡಿ ನೋಂದಣಿ ಸಂಸ್ಥೆಯನ್ನು ಆರಿಸಿ. ನೋಂದಣಿ ನಿಮ್ಮ ಸ್ವಂತ ಹೆಸರಿನಲ್ಲೂ ನಿಮ್ಮದೇ ಇಮೇಲ್‌ನಲ್ಲೂ ಇರಲಿ. ತಾಣ ಮಾಡಿಕೊಟ್ಟವರ ಹೆಸರಿನಲ್ಲಿ ಡೊಮೇನ್ ಇದ್ದು, ಅವರೊಂದಿಗೆ ಮನಸ್ತಾಪವಾದಾಗ ಎಲ್ಲವನ್ನೂ ಕಳೆದುಕೊಂಡವರ ಪತ್ರಗಳು ನನಗೆ ಬಂದಿವೆ.

## ಬರವಣಿಗೆ ಮತ್ತು ಓದುಗರು

ವಾರಕ್ಕೆ ಎಷ್ಟು ಲೇಖನ ಹಾಕಬೇಕು? ಒಂದೊಂದು ಎಷ್ಟು ಪದಗಳಿರಬೇಕು?

ಗೂಗಲ್ ಇಂತಿಷ್ಟೇ ಪದಗಳಿರಬೇಕೆಂದು ನಿಯಮ ಮಾಡಿಲ್ಲ. ಅಂಥ ಸಂಖ್ಯೆಗಳನ್ನು ನಂಬಿ ಲೇಖನವನ್ನು ಹಿಗ್ಗಿಸಬೇಡಿ. ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿದಲ್ಲಿ ಲೇಖನ ಮುಗಿಯಲಿ. ವಾರಕ್ಕೆ ಒಂದನ್ನು ಎರಡು ವರ್ಷ ಬರೆಯಬಲ್ಲವರು, ದಿನಕ್ಕೊಂದನ್ನು ಎರಡು ತಿಂಗಳು ಬರೆದು ದಣಿದು ನಿಲ್ಲಿಸುವವರಿಗಿಂತ ಬಹಳ ಮುಂದೆ ಹೋಗುತ್ತಾರೆ.

ಬರೆಯಲು ಶುರುಮಾಡಿ ಮೂರು ತಿಂಗಳಾಯಿತು, ಯಾರೂ ಓದುತ್ತಿಲ್ಲ. ಎಲ್ಲಿ ತಪ್ಪಿದೆ?

ಬಹುಶಃ ಎಲ್ಲಿಯೂ ತಪ್ಪಿಲ್ಲ. ಹೊಸ ತಾಣಕ್ಕೆ ಮೂರು ತಿಂಗಳು ಕಡಿಮೆ ಅವಧಿ. ಆದರೂ ಮೊದಲು ತಾಂತ್ರಿಕ ಅಡ್ಡಿಗಳನ್ನು ನೋಡಿಕೊಳ್ಳಿ. ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ ತಾಣವನ್ನು ಸೇರಿಸಿ, ಸೈಟ್‌ಮ್ಯಾಪ್ (ತಾಣದ ಪುಟಗಳ ಪಟ್ಟಿ) ಸಲ್ಲಿಸಿ, ಪುಟಗಳು ಅದರ ಸೂಚಿಗೆ ಸೇರಿವೆಯೇ ಎಂದು ಪರೀಕ್ಷಿಸಿ. ವರ್ಡ್‌ಪ್ರೆಸ್‌ನ ಓದುವಿಕೆಯ ಸೆಟ್ಟಿಂಗ್‌ಗಳಲ್ಲಿ ಸರ್ಚ್ ಎಂಜಿನ್‌ಗಳು ಬಾರದಂತೆ ಕೇಳಿಕೊಳ್ಳುವ ಒಂದು ಚೌಕವಿದೆ. ತಾಣವನ್ನು ಕಟ್ಟುವಾಗ ಗುರುತು ಹಾಕಿ, ಆಮೇಲೆ ತೆಗೆಯಲು ಮರೆತು ತಿಂಗಳುಗಟ್ಟಲೆ ಕಾದವರು ಒಬ್ಬಿಬ್ಬರಲ್ಲ.

ಅಲ್ಲಿ ದೋಷವಿಲ್ಲದಿದ್ದರೆ ಶೀರ್ಷಿಕೆಗಳ ಕಡೆಗೆ ಬನ್ನಿ. ‘ನನ್ನ ಒಂದು ಅನುಭವ’ ಎಂಬ ಶೀರ್ಷಿಕೆಯನ್ನು ಯಾರೂ ಹುಡುಕುವುದಿಲ್ಲ. ‘ಲ್ಯಾಪ್‌ಟಾಪ್ ಬ್ಯಾಟರಿ ಬೇಗ ಖಾಲಿಯಾಗುತ್ತಿದ್ದರೆ ಏನು ಮಾಡಬೇಕು’ ಎಂಬುದನ್ನು ಹುಡುಕುತ್ತಾರೆ. ಜನ ಬಳಸುವ ಮಾತೇ ಶೀರ್ಷಿಕೆಯಲ್ಲಿರಲಿ, ಉತ್ತರದ ಸಾರ ಮೊದಲ ಪ್ಯಾರಾದಲ್ಲೇ ಬರಲಿ, ಸಂಬಂಧಿಸಿದ ನಿಮ್ಮದೇ ಲೇಖನಗಳಿಗೆ ಕೊಂಡಿ ಕೊಡಿ. ಕನ್ನಡದಲ್ಲಿ ಬರೆಯುವವರು ಇನ್ನೊಂದು ಸಣ್ಣ ಸಂಗತಿಯನ್ನು ಗಮನಿಸಬೇಕು: ಪುಟದ ವಿಳಾಸದಲ್ಲಿ ಕನ್ನಡ ಅಕ್ಷರಗಳನ್ನೇ ಇಟ್ಟರೆ, ನಕಲಿಸಿ ಹಂಚುವಾಗ ಒಂದೊಂದು ಅಕ್ಷರ ಅಥವಾ ಗುಣಿತ ಚಿಹ್ನೆಯೂ ಶೇಕಡಾ ಚಿಹ್ನೆಗಳು ಸೇರಿದ 9 ಅಕ್ಷರಗಳಾಗಿ ಹಿಗ್ಗುತ್ತದೆ. ವಿಳಾಸವನ್ನು ರೋಮನ್ ಲಿಪಿಯಲ್ಲಿ ಚಿಕ್ಕದಾಗಿಟ್ಟು, ಶೀರ್ಷಿಕೆ ಮತ್ತು ಬರಹವನ್ನು ಕನ್ನಡದಲ್ಲಿಡುವುದು ಅನುಕೂಲ.

ಅಂತರ್ಜಾಲದಲ್ಲಿ ಸಿಕ್ಕಿದ ಚಿತ್ರವನ್ನು ‘ಕೃಪೆ: ಗೂಗಲ್’ ಎಂದು ಬರೆದು ಬಳಸಬಹುದೇ?

ಬಳಸಬಾರದು. ಗೂಗಲ್ ಚಿತ್ರಗಳನ್ನು ಹುಡುಕಿ ತೋರಿಸುತ್ತದೆಯಷ್ಟೇ, ಅವುಗಳ ಒಡೆಯನಲ್ಲ. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕೃತಿ ರೂಪುಗೊಂಡ ಕ್ಷಣದಿಂದಲೇ ಹಕ್ಕುಸ್ವಾಮ್ಯ ಹುಟ್ಟುತ್ತದೆ, ನೋಂದಣಿ ಬೇಕಿಲ್ಲ. ಹಾಗಾಗಿ ಚಿತ್ರದ ಮೇಲೆ ಹೆಸರಿಲ್ಲ ಎಂಬುದು ಅನುಮತಿಯಾಗುವುದಿಲ್ಲ. ನೀವೇ ತೆಗೆದ ಚಿತ್ರ ಎಲ್ಲಕ್ಕಿಂತ ಒಳ್ಳೆಯದು. ಇಲ್ಲದಿದ್ದರೆ ವಿಕಿಮೀಡಿಯ ಕಾಮನ್ಸ್‌ನಂಥ ಕಡೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಚಿತ್ರಗಳನ್ನು ಹುಡುಕಿ, ಆದರೆ ಪರವಾನಗಿಯ ಷರತ್ತುಗಳನ್ನು ಓದಿ: ಹೆಚ್ಚಿನವು ಕರ್ತೃವಿನ ಹೆಸರನ್ನು ಹೇಳಬೇಕೆನ್ನುತ್ತವೆ, ಕೆಲವು ವಾಣಿಜ್ಯ ಬಳಕೆಯನ್ನು ನಿಷೇಧಿಸುತ್ತವೆ. ಜಾಹೀರಾತು ಇರುವ ಬ್ಲಾಗನ್ನು ವಾಣಿಜ್ಯ ಬಳಕೆ ಎಂದು ಎಣಿಸಿಯೇ ನಡೆಯುವುದು ಸುರಕ್ಷಿತ.

ಕೃತಕ ಬುದ್ಧಿಮತ್ತೆಯಿಂದ ದಿನಕ್ಕೆ ಇಪ್ಪತ್ತು ಲೇಖನ ಬರೆಸಿ ಹಾಕಿದರೆ ಬೇಗ ಬೆಳೆಯಬಹುದಲ್ಲವೇ?

2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನೀತಿಯನ್ನು ಬದಲಿಸಿ, ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ಸರ್ಚ್‌ನಲ್ಲಿ ಮೇಲೇರುವ ಉದ್ದೇಶದಿಂದಲೇ ರಾಶಿಗಟ್ಟಲೆ ತಯಾರಿಸುವುದನ್ನು ದುರ್ಬಳಕೆ ಎಂದು ಸಾರಿತು. ಆ ಪುಟಗಳನ್ನು ಯಂತ್ರ ಬರೆಯಿತೋ ಮನುಷ್ಯ ಬರೆದನೋ ಎಂಬುದು ಅಲ್ಲಿ ಮುಖ್ಯವಲ್ಲ. ಕಾಗುಣಿತ ತಿದ್ದಲು, ರೂಪರೇಷೆ ಹಾಕಲು ಇಂಥ ಸಾಧನಗಳನ್ನು ಬಳಸುವುದರಲ್ಲಿ ತಪ್ಪಿಲ್ಲ. ಆದರೆ ನೀವು ಸ್ವತಃ ಪರಿಶೀಲಿಸದ ಒಂದು ಅಂಕಿಯನ್ನೂ ಪ್ರಕಟಿಸಬೇಡಿ. ಓದುಗರು ನಿಮ್ಮ ಬಳಿ ಬರುವುದು ನೀವು ಮಾಡಿ ನೋಡಿದ್ದನ್ನು ತಿಳಿಯಲು. ಎಲ್ಲೆಡೆ ಸಿಗುವ ಸರಾಸರಿ ಉತ್ತರಕ್ಕಾಗಿ ಅವರು ನಿಮ್ಮ ಹೆಸರನ್ನು ನೆನಪಿಡುವುದಿಲ್ಲ.

## ಆದಾಯ

ಬ್ಲಾಗಿಗೆ ಹಣ ಕೊಡುವವರು ಯಾರು?

ಮೂರು ಬಗೆಯವರು. ಓದುಗರ ಗಮನಕ್ಕಾಗಿ ಜಾಹೀರಾತುದಾರರು ಕೊಡುತ್ತಾರೆ. ಓದುಗರು ಏನನ್ನಾದರೂ ಕೊಂಡಾಗ ಮಾರಾಟಗಾರರು ಕಮಿಷನ್ ಕೊಡುತ್ತಾರೆ. ಪುಸ್ತಕಕ್ಕೋ ಪಾಠಕ್ಕೋ ಚಂದಾಗೋ ಓದುಗರೇ ನೇರವಾಗಿ ಕೊಡುತ್ತಾರೆ. ಮೊದಲನೆಯದಕ್ಕೆ ಬಹಳ ಓದುಗರು ಬೇಕು, ಕೊನೆಯದಕ್ಕೆ ಕೆಲವರೇ ಸಾಕು, ಆದರೆ ಅವರಿಗೆ ನಿಮ್ಮ ಮೇಲೆ ಪೂರ್ಣ ನಂಬಿಕೆ ಇರಬೇಕು. ಬ್ಲಾಗಿನ ಹೆಸರಿನಿಂದಾಗಿ ಬರವಣಿಗೆ, ಅನುವಾದ, ಸಲಹೆ, ತರಬೇತಿಯ ಕೆಲಸಗಳು ಹುಡುಕಿಕೊಂಡು ಬರುವುದೂ ಉಂಟು. ಅನೇಕರಿಗೆ ಮೊದಲ ದೊಡ್ಡ ಮೊತ್ತ ಬರುವುದು ಆ ದಾರಿಯಲ್ಲೇ.

ಆಡ್‌ಸೆನ್ಸ್ ಸಿಗಲು ಎಷ್ಟು ಓದುಗರಿರಬೇಕು? ನನ್ನ ಅರ್ಜಿ ಎರಡು ಸಲ ತಿರಸ್ಕೃತವಾಗಿದೆ.

2003ರಲ್ಲಿ ಆರಂಭವಾದ, ತಾಣಗಳಲ್ಲಿ ಜಾಹೀರಾತು ತೋರಿಸಿ ಹಣ ಕೊಡುವ ಗೂಗಲ್‌ನ ಈ ಸೇವೆ ಕನಿಷ್ಠ ಓದುಗರ ಸಂಖ್ಯೆಯನ್ನು ನಿಗದಿ ಮಾಡಿಲ್ಲ. ನಿಮಗೆ 18 ವರ್ಷ ತುಂಬಿರಬೇಕು, ಬರಹ ನಿಮ್ಮದೇ ಆಗಿರಬೇಕು, ತಾಣದ ಭಾಷೆ ಅವರ ಅನುಮೋದಿತ ಪಟ್ಟಿಯಲ್ಲಿರಬೇಕು, ನೀತಿಗಳ ಉಲ್ಲಂಘನೆ ಇರಬಾರದು. ತಿರಸ್ಕಾರಕ್ಕೆ ಸಾಮಾನ್ಯ ಕಾರಣ ಬರಹದ ಮೌಲ್ಯ ಸಾಲದೆಂಬುದು: ನಾಲ್ಕೈದು ಸಾಲಿನ ಪುಟಗಳು, ಬೇರೆಡೆಯಿಂದ ತೆಗೆದ ಬರಹ, ಎಲ್ಲಿಗೂ ಹೋಗದ ಮೆನುಗಳು. ಮತ್ತೆ ಅರ್ಜಿ ಹಾಕುವ ಮುನ್ನ ದುರ್ಬಲ ಪುಟಗಳನ್ನು ತೆಗೆಯಿರಿ ಅಥವಾ ಪೂರ್ತಿಯಾಗಿ ತಿದ್ದಿ ಬರೆಯಿರಿ; ನಿಮ್ಮ ಪರಿಚಯ, ಸಂಪರ್ಕ ಮತ್ತು ಗೋಪ್ಯತಾ ನೀತಿಯ ಪುಟಗಳನ್ನು ಸೇರಿಸಿ.

ಸಾವಿರ ಜನ ಓದಿದರೆ ಎಷ್ಟು ಹಣ ಬರುತ್ತದೆ?

ಎಲ್ಲರಿಗೂ ಒಪ್ಪುವ ಒಂದು ಸಂಖ್ಯೆಯನ್ನು ಯಾರಾದರೂ ಹೇಳಿದರೆ ನಂಬಬೇಡಿ. ಓದುಗರು ಯಾವ ದೇಶದವರು, ವಿಷಯ ಯಾವುದು, ಯಾವ ಭಾಷೆ, ವರ್ಷದ ಯಾವ ಕಾಲ, ಜಾಹೀರಾತು ಪುಟದಲ್ಲಿ ಎಲ್ಲಿದೆ ಎಂಬುದರ ಮೇಲೆ ಅದು ಹಲವು ಪಟ್ಟು ಏರಿಳಿಯುತ್ತದೆ. ಲೆಕ್ಕ ಹಾಕುವ ಕ್ರಮ ಮಾತ್ರ ಎಲ್ಲರಿಗೂ ಒಂದೇ. ಗಳಿಕೆಯನ್ನು ಪುಟವೀಕ್ಷಣೆಗಳಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಬರುವುದಕ್ಕೆ ಆರ್‌ಪಿಎಂ ಎನ್ನುತ್ತಾರೆ. 20,000 ಪುಟವೀಕ್ಷಣೆಗೆ 30 ಡಾಲರ್ ಬಂದಿದೆಯೆಂದು ಇಟ್ಟುಕೊಂಡರೆ ಆರ್‌ಪಿಎಂ 1.5 ಡಾಲರ್. ಡಾಲರ್ ಖಾತೆಗಳಿಗೆ ಆಡ್‌ಸೆನ್ಸ್ ಹಣ ಬಿಡುಗಡೆ ಮಾಡುವುದು ಮೊತ್ತ 100 ಡಾಲರ್ ಮುಟ್ಟಿದ ಮೇಲೆ. ಅಂದರೆ ಈ ದರದಲ್ಲಿ ಸುಮಾರು 67,000 ಪುಟವೀಕ್ಷಣೆಗಳಾಗಬೇಕು. ಆರಂಭದ ತಿಂಗಳುಗಳಲ್ಲಿ ಕೈಗೆ ಏನೂ ಬಾರದಿರುವುದಕ್ಕೆ ಇದೇ ಕಾರಣ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಲು ಅಂಚೆಯಲ್ಲಿ ಒಂದು ಪಿನ್ ಬರುತ್ತದೆ, ಆದ್ದರಿಂದ ವಿಳಾಸವನ್ನು ಮೊದಲೇ ಸರಿಯಾಗಿ ಕೊಡಿ.

ಹಳೆಯ ಲೇಖನಗಳಲ್ಲಿ ಓದಿದ ‘ಒಂದು ಕ್ಲಿಕ್ಕಿಗೆ ಇಷ್ಟು’ ಎಂಬ ಲೆಕ್ಕ ಈಗ ಹಳತಾಗಿದೆ. 2024ರ ಆರಂಭದಿಂದ ಆಡ್‌ಸೆನ್ಸ್ ಮುಖ್ಯವಾಗಿ ಜಾಹೀರಾತು ಎಷ್ಟು ಬಾರಿ ಕಾಣಿಸಿತು ಎಂಬುದರ ಆಧಾರದ ಮೇಲೆ ಪಾವತಿಸುತ್ತಿದೆ.

ನನ್ನ ಬ್ಲಾಗಿನ ಜಾಹೀರಾತನ್ನು ನಾನೇ ಒತ್ತಿದರೆ, ಅಥವಾ ಸ್ನೇಹಿತರಿಗೆ ಒತ್ತಲು ಹೇಳಿದರೆ?

ಖಾತೆ ಹೋಗುತ್ತದೆ, ಬಂದ ಹಣವನ್ನೂ ತಡೆಹಿಡಿಯುತ್ತಾರೆ. ‘ದಯವಿಟ್ಟು ಜಾಹೀರಾತನ್ನು ಒತ್ತಿ ಬೆಂಬಲಿಸಿ’ ಎಂದು ಬರೆಯುವುದೂ ನಿಷಿದ್ಧ.

ಅಫಿಲಿಯೇಟ್ ಕೊಂಡಿಗಳಿಂದ ಜಾಹೀರಾತಿಗಿಂತ ಹೆಚ್ಚು ಬರುತ್ತದೆ ಎನ್ನುತ್ತಾರೆ. ನಿಜವೇ?

ಓದುಗರು ಒತ್ತಿ ಕೊಂಡರೆ ನಿಮಗೆ ಕಮಿಷನ್ ತರುವ ಕೊಂಡಿಗಳಿವು. ಕೊಳ್ಳುವ ನಿರ್ಧಾರಕ್ಕೆ ಹತ್ತಿರವಿರುವ ವಿಷಯಗಳಲ್ಲಿ ಆ ಮಾತು ನಿಜ. ಉಪಕರಣಗಳ ಹೋಲಿಕೆ, ದೀರ್ಘಕಾಲದ ಬಳಕೆಯ ವರದಿ ಮುಂತಾದ ಲೇಖನಗಳನ್ನು ಓದುವವರು ಈಗಾಗಲೇ ಕೊಳ್ಳಲು ಹೊರಟವರು. ಅಮೆಜಾನ್ 1996ರಲ್ಲೇ ಇಂಥ ಯೋಜನೆಯನ್ನು ಆರಂಭಿಸಿತು; ಅದರಲ್ಲಿ ಹೊಸಬರು ಮೊದಲ 180 ದಿನಗಳಲ್ಲಿ ಕನಿಷ್ಠ 3 ಮಾರಾಟ ತರದಿದ್ದರೆ ಖಾತೆ ಮುಚ್ಚುತ್ತಾರೆ, ಮತ್ತು ಸಾಮಾನ್ಯವಾಗಿ ಓದುಗರು ಕೊಂಡಿ ಒತ್ತಿದ 24 ಗಂಟೆಗಳೊಳಗಿನ ಖರೀದಿಯಷ್ಟೇ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಓದುಗರೇ ಇಲ್ಲದ ಕಾಲದಲ್ಲಿ ಸೇರಿಕೊಳ್ಳುವುದರಿಂದ ಪ್ರಯೋಜನವಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಕಮಿಷನ್ ಹೆಚ್ಚಿದೆ ಎಂದು ನೀವು ಬಳಸದ ವಸ್ತುವನ್ನು ಹೊಗಳಬೇಡಿ. ವಸ್ತುವಿನ ದೋಷಗಳನ್ನೂ ಬರೆಯಿರಿ, ಯಾರು ಅದನ್ನು ಕೊಳ್ಳಬಾರದೆಂದು ಹೇಳಿ. ನಿಮ್ಮ ಮಾತು ನಂಬಿ ಹಣ ಕಳೆದುಕೊಂಡ ಓದುಗ ಮರಳಿ ಬರುವುದಿಲ್ಲ, ದೂರನ್ನೂ ಹೇಳುವುದಿಲ್ಲ. ನಿಮಗೆ ಕಾರಣ ತಿಳಿಯುವುದೇ ಇಲ್ಲ. ಕಮಿಷನ್ ಬರುತ್ತದೆಂಬುದನ್ನು ಲೇಖನದ ಮೇಲ್ಭಾಗದಲ್ಲೇ ಸರಳವಾಗಿ ತಿಳಿಸಿ. ಅನೇಕ ದೇಶಗಳಲ್ಲಿ ಇದು ಕಾನೂನಿನ ಅಥವಾ ಜಾಹೀರಾತು ಸಂಹಿತೆಯ ಅಗತ್ಯವೂ ಹೌದು.

ಒಂದು ಕಂಪನಿ ಹಣ ಕೊಡುತ್ತೇವೆ, ನಮ್ಮ ಲೇಖನವನ್ನು ಕೊಂಡಿಯೊಂದಿಗೆ ಹಾಕಿ ಎಂದು ಇಮೇಲ್ ಕಳಿಸಿದೆ. ಒಪ್ಪಿಕೊಳ್ಳಲೇ?

ಅವರು ಕೊಳ್ಳಲು ಬಂದಿರುವುದು ನಿಮ್ಮ ಓದುಗರನ್ನೋ ನಿಮ್ಮ ಕೊಂಡಿಯನ್ನೋ ಎಂದು ಮೊದಲು ಕೇಳಿಕೊಳ್ಳಿ. ‘ಪ್ರಾಯೋಜಿತ ಎಂದು ಬರೆಯಬಾರದು, ಕೊಂಡಿಗೆ ನೋಫಾಲೋ ಹಾಕಬಾರದು’ (ಅಂದರೆ ಕೊಂಡಿಯನ್ನು ಲೆಕ್ಕಿಸಬೇಡಿ ಎಂದು ಸರ್ಚ್ ಎಂಜಿನ್‌ಗೆ ಹೇಳುವ ಗುರುತು) ಎಂಬ ಷರತ್ತಿದ್ದರೆ ಅವರಿಗೆ ಬೇಕಿರುವುದು ಸರ್ಚ್‌ನಲ್ಲಿ ಮೇಲೇರಲು ಕೊಂಡಿ ಮಾತ್ರ. ಅಂಥ ಕೊಂಡಿಯನ್ನು ಮಾರುವುದು ಗೂಗಲ್‌ನ ಸ್ಪ್ಯಾಮ್ ನೀತಿಗೆ ವಿರುದ್ಧ, ದಂಡ ತೆರುವುದು ನಿಮ್ಮ ತಾಣ. ಹಣ ಪಡೆದ ಕೊಂಡಿಗಳನ್ನು ಗುರುತಿಸಲು 2019ರಿಂದ ‘ಸ್ಪಾನ್ಸರ್ಡ್’ ಎಂಬ ಪ್ರತ್ಯೇಕ ಗುರುತು ಬಳಕೆಯಲ್ಲಿದೆ. ಆ ಗುರುತಿಗೂ ಓದುಗರಿಗೆ ಕಾಣುವ ಘೋಷಣೆಗೂ ಒಪ್ಪುವ, ನೀವೇ ಪ್ರಾಮಾಣಿಕವಾಗಿ ಬರೆಯಲು ಬಿಡುವ ಸಂಸ್ಥೆಯೊಂದಿಗೆ ಮಾತ್ರ ಮುಂದುವರಿಯಿರಿ.

ಯಾವಾಗ ಕೆಲಸ ಬಿಟ್ಟು ಪೂರ್ಣಾವಧಿ ಬ್ಲಾಗರ್ ಆಗಬಹುದು?

ಒಂದು ಒಳ್ಳೆಯ ತಿಂಗಳನ್ನು ನೋಡಿ ನಿರ್ಧರಿಸಬೇಡಿ. ಕನಿಷ್ಠ ಹನ್ನೆರಡು ತಿಂಗಳ ಗಳಿಕೆಯನ್ನು ಬರೆದಿಟ್ಟು, ಅದರಲ್ಲಿ ಅತಿ ಕಡಿಮೆ ಬಂದ ತಿಂಗಳಿನಿಂದ ತೆರಿಗೆ, ಹೋಸ್ಟಿಂಗ್, ಡೊಮೇನ್ ಮತ್ತು ಸಾಧನಗಳ ಖರ್ಚನ್ನು ಕಳೆದು ಉಳಿದದ್ದರಲ್ಲಿ ಮನೆ ನಡೆಯುತ್ತದೆಯೇ ಎಂದು ನೋಡಿ. ಗಳಿಕೆಯ ಬಹುಪಾಲು ಒಂದೇ ಮೂಲದಿಂದ ಬರುತ್ತಿದ್ದರೆ ಇನ್ನೂ ಕಾಯಿರಿ. ಬಹುಜನರಿಗೆ ಬ್ಲಾಗ್ ಪೂರಕ ಆದಾಯವಾಗಿಯೇ ಉಳಿಯುತ್ತದೆ, ಅದರಲ್ಲಿ ಸೋಲೇನೂ ಇಲ್ಲ; ಹಣದ ಒತ್ತಡವಿಲ್ಲದಿದ್ದಾಗ ಬರವಣಿಗೆ ಹೆಚ್ಚು ನೇರವಾಗಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

## ಸ್ವಲ್ಪ ಮುಂದುವರಿದವರಿಗೆ

ಸರ್ಚ್‌ನಲ್ಲಿ ಏನೋ ಬದಲಾವಣೆಯಾಗಿ ಓದುಗರು ಅರ್ಧಕ್ಕಿಳಿದಿದ್ದಾರೆ. ಈಗ ಏನು ಮಾಡಲಿ?

ಮೊದಲ ವಾರ ಏನನ್ನೂ ಅಳಿಸಬೇಡಿ, ಆತುರದಲ್ಲಿ ಶೀರ್ಷಿಕೆಗಳನ್ನು ಬದಲಿಸಬೇಡಿ. ಇಳಿತ ಎಲ್ಲ ಪುಟಗಳಲ್ಲೋ ಕೆಲವೇ ಪುಟಗಳಲ್ಲೋ, ಸ್ಥಾನ ಕುಸಿದಿದೆಯೋ ಅಥವಾ ಸ್ಥಾನ ಹಾಗೆಯೇ ಇದ್ದು ಒತ್ತುವವರು ಕಡಿಮೆಯಾಗಿದ್ದಾರೋ ಎಂಬುದನ್ನು ಸರ್ಚ್ ಕನ್ಸೋಲ್‌ನಲ್ಲಿ ಹಿಂದಿನ ವರ್ಷದ ಅದೇ ಅವಧಿಯೊಂದಿಗೆ ಹೋಲಿಸಿ. ಸ್ಥಾನ ಹಾಗೆಯೇ ಇದ್ದರೆ ಫಲಿತಾಂಶದ ಪುಟದಲ್ಲೇ ಉತ್ತರ ಸಿಗುತ್ತಿರಬಹುದು, ಅದನ್ನು ಲೇಖನ ತಿದ್ದಿ ಸರಿಪಡಿಸಲಾಗದು. ಸ್ಥಾನ ಕುಸಿದಿದ್ದರೆ ನಿಮಗಿಂತ ಮೇಲೆ ಬಂದ ಪುಟಗಳನ್ನು ಪೂರ್ವಗ್ರಹವಿಲ್ಲದೆ ಓದಿ. 2011ರಲ್ಲಿ ಪಾಂಡಾ ಎಂಬ ಬದಲಾವಣೆ ಬಂದಾಗ ತೆಳು ಬರಹದ ತಾಣಗಳು, 2012ರಲ್ಲಿ ಪೆಂಗ್ವಿನ್ ಬಂದಾಗ ಕೃತಕ ಕೊಂಡಿಗಳ ಮೇಲೆ ನಿಂತಿದ್ದ ತಾಣಗಳು ಬಿದ್ದವು. ಇಂಥ ಬದಲಾವಣೆಗಳು ಬರುತ್ತಲೇ ಇರುತ್ತವೆ. ಎಲ್ಲ ಓದುಗರೂ ಒಂದೇ ಬಾಗಿಲಿನಿಂದ ಬರುವ ಬ್ಲಾಗು, ಬರಹ ಎಷ್ಟೇ ಚೆನ್ನಾಗಿದ್ದರೂ, ಅಪಾಯದಲ್ಲೇ ಇರುತ್ತದೆ.

ಸಾಮಾಜಿಕ ಜಾಲತಾಣಗಳಿರುವಾಗ ಇಮೇಲ್ ಪಟ್ಟಿ ಯಾಕೆ ಬೇಕು?

ಜಾಲತಾಣದಲ್ಲಿ ನಿಮ್ಮ ಹಿಂಬಾಲಕರಿಗೆ ನಿಮ್ಮ ಬರಹವನ್ನು ತೋರಿಸಬೇಕೇ ಬೇಡವೇ ಎಂದು ತೀರ್ಮಾನಿಸುವುದು ಆ ಕಂಪನಿ. ಇಮೇಲ್ ವಿಳಾಸಗಳ ಪಟ್ಟಿಯನ್ನು ನೀವು ಒಂದು ಸೇವೆಯಿಂದ ಇನ್ನೊಂದಕ್ಕೆ ಒಯ್ಯಬಹುದು. ಬ್ಲಾಗುಗಳ ಹೊಸ ಬರಹಗಳನ್ನು ‘ಫೀಡ್’ ಮೂಲಕ ಒಂದೆಡೆ ತೋರಿಸುತ್ತಿದ್ದ ಗೂಗಲ್ ರೀಡರ್ 2013ರಲ್ಲಿ ಮುಚ್ಚಿದಾಗ, ಫೀಡ್ ಮೂಲಕವೇ ಓದುಗರನ್ನು ತಲುಪುತ್ತಿದ್ದ ಬ್ಲಾಗಿಗರಿಗೆ ಈ ವ್ಯತ್ಯಾಸ ಚೆನ್ನಾಗಿ ಅರ್ಥವಾಯಿತು. ಮೊದಲ ದಿನದಿಂದಲೇ ಲೇಖನದ ಕೊನೆಗೆ ಒಂದು ಚಂದಾ ಪೆಟ್ಟಿಗೆ ಇಡಿ. ಒಪ್ಪಿಗೆಯಿಲ್ಲದೆ ಯಾರ ವಿಳಾಸವನ್ನೂ ಸೇರಿಸಬೇಡಿ, ಕೊಂಡ ಪಟ್ಟಿಗಳನ್ನು ಮುಟ್ಟಬೇಡಿ, ಹೊರಹೋಗುವ ಕೊಂಡಿ ಪ್ರತಿ ಪತ್ರದಲ್ಲೂ ಇರಲಿ. ಮುಂದೆ ಪುಸ್ತಕವನ್ನೋ ಪಾಠವನ್ನೋ ತಂದಾಗ ಮೊದಲು ಕೊಳ್ಳುವವರು ಈ ಪಟ್ಟಿಯಲ್ಲಿರುತ್ತಾರೆ.

ಪುಟ ನಿಧಾನವಾಗಿ ತೆರೆಯುತ್ತದೆ ಎನ್ನುತ್ತಾರೆ. ಎಷ್ಟು ವೇಗವಿದ್ದರೆ ಸಾಕು?

ಗೂಗಲ್‌ನ ಅಳತೆಯಲ್ಲಿ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ಓದುತ್ತಿರುವಾಗ ಸಾಲುಗಳು ಜಿಗಿಯಬಾರದು. ನಿಧಾನಕ್ಕೆ ಸಾಮಾನ್ಯ ಕಾರಣಗಳು ಕುಗ್ಗಿಸದ ದೊಡ್ಡ ಚಿತ್ರಗಳು, ಅಗತ್ಯಕ್ಕಿಂತ ಹೆಚ್ಚು ಪ್ಲಗಿನ್‌ಗಳು (ತಾಣಕ್ಕೆ ಸೌಲಭ್ಯ ಸೇರಿಸುವ ಕಿರು ತಂತ್ರಾಂಶಗಳು) ಮತ್ತು ಅತಿಯಾದ ಜಾಹೀರಾತುಗಳು. ಈ ಕ್ರಮದಲ್ಲೇ ಸರಿಪಡಿಸುತ್ತ ಹೋಗಿ.

ನನ್ನ ಲೇಖನವನ್ನು ಯಾರೋ ಪೂರ್ತಿ ನಕಲು ಮಾಡಿದ್ದಾರೆ.

ಪರದೆಯ ಚಿತ್ರ ಮತ್ತು ದಿನಾಂಕಗಳನ್ನು ಉಳಿಸಿಕೊಂಡು, ಮೊದಲು ಆ ತಾಣದವರಿಗೆ ಸೌಜನ್ಯದಿಂದ ಬರೆಯಿರಿ. ಅನೇಕ ಪ್ರಕರಣಗಳು ಅಲ್ಲಿಗೇ ಮುಗಿಯುತ್ತವೆ. ಉತ್ತರ ಬಾರದಿದ್ದರೆ ಅವರ ಹೋಸ್ಟಿಂಗ್ ಸಂಸ್ಥೆಗೂ ಗೂಗಲ್‌ಗೂ ಹಕ್ಕುಸ್ವಾಮ್ಯದ ದೂರು ಸಲ್ಲಿಸಿ. ಅಮೆರಿಕದ 1998ರ ಡಿಎಂಸಿಎ ಕಾಯ್ದೆಯನ್ನು ಅನುಸರಿಸುವ ಸಂಸ್ಥೆಗಳು ಇದಕ್ಕೆ ಸಿದ್ಧ ನಮೂನೆಯನ್ನು ಇಟ್ಟಿರುತ್ತವೆ. ಸುಳ್ಳು ದೂರಿಗೆ ಹೊಣೆ ನಿಮ್ಮ ಮೇಲೇ ಬರುವುದರಿಂದ ನಿಮ್ಮದಲ್ಲದ ಭಾಗವನ್ನು ದೂರಿನಲ್ಲಿ ಸೇರಿಸಬೇಡಿ.

ಉಚಿತ ಬ್ಲಾಗಿನಿಂದ ಸ್ವಂತ ಡೊಮೇನಿಗೆ ಹೋದರೆ ಹಳೆಯ ಓದುಗರು ತಪ್ಪಿಹೋಗುವುದಿಲ್ಲವೇ?

ಕ್ರಮವಾಗಿ ಮಾಡಿದರೆ ತಪ್ಪುವುದಿಲ್ಲ. ಮೊದಲು ಎಲ್ಲ ಬರಹಗಳನ್ನೂ ಚಿತ್ರಗಳನ್ನೂ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು, ಇನ್ನೊಂದು ಪ್ರತಿಯನ್ನು ಬೇರೆಡೆ ಇಡಿ. ಹಳೆಯ ಪುಟಗಳ ವಿಳಾಸಗಳನ್ನು ಒಂದು ಪಟ್ಟಿ ಮಾಡಿ, ಪ್ರತಿಯೊಂದರ ಎದುರಿಗೆ ಹೊಸ ವಿಳಾಸವನ್ನು ಬರೆಯಿರಿ. ಸೇವೆ ಅವಕಾಶ ಕೊಟ್ಟರೆ ಹಳೆಯ ಪ್ರತಿ ಪುಟದಿಂದ ಹೊಸದರ ಅದೇ ಪುಟಕ್ಕೆ 301 ಎಂಬ ಶಾಶ್ವತ ಮರುನಿರ್ದೇಶನ ಹಾಕಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವುದು ತಪ್ಪು, ಏಕೆಂದರೆ ಒಂದು ನಿರ್ದಿಷ್ಟ ಲೇಖನ ಹುಡುಕಿ ಬಂದವರು ಅಲ್ಲಿಂದ ಹಿಂದಿರುಗುತ್ತಾರೆ. ಹೊಸ ತಾಣದ ಸೈಟ್‌ಮ್ಯಾಪನ್ನು ಸರ್ಚ್ ಕನ್ಸೋಲ್‌ಗೆ ಸಲ್ಲಿಸಿ. ಈ ಮರುನಿರ್ದೇಶನಗಳನ್ನು ಕನಿಷ್ಠ ಒಂದು ವರ್ಷ, ಸಾಧ್ಯವಿದ್ದರೆ ಹಳೆಯ ವಿಳಾಸ ಇರುವವರೆಗೂ ಉಳಿಸಿಕೊಳ್ಳಿ.